ಕೂಲಿಯಲ್ಲಿ ನಡುವಿನವನ ಪಾಲು

ಕೆಲಸ ಕೊಡುವವನೊಬ್ಬ, ಕೆಲಸ ಮಾಡುವವನೊಬ್ಬ. ಇವರಿಬ್ಬರ ಸಂಬಂಧ ಹೇಗಿರಬೇಕೆಂದು ಇಸ್ಲಾಮ್ ಹೇಳಿರುವುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿದೆ. ದುಡಿದವನ ಬೆವರು ಆರುವ ಮುನ್ನ ಅವನ ಕೂಲಿ ಸಲ್ಲಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಶುಕ್ರವಾರದ ಪ್ರವಚನಗಳಲ್ಲಿ ಕೇಳುತ್ತಲೇ ನಾವು ಬೆಳೆದಿದ್ದೇವೆ. ಆದರೆ ಇಂದಿನ ದುಡಿಮೆಯ ಲೋಕದಲ್ಲಿ ಈ ಇಬ್ಬರ ನಡುವೆ ಮೂರನೆಯವನೊಬ್ಬ ನಿಂತಿದ್ದಾನೆ. ಕೊಡುವವನ ಕೈಯಿಂದ ಹೊರಟ ಹಣ ದುಡಿದವನ ಕೈ ಸೇರುವ ಮೊದಲು ಇವನ ಕೈಯನ್ನು ಹಾದು ಬರುತ್ತದೆ. ಹಾದು ಬರುವಾಗ ಸ್ವಲ್ಪ ಅಲ್ಲಿಯೇ ಉಳಿಯುತ್ತದೆ. ಹೀಗೆ ಉಳಿಯುವ ಪಾಲು ಹಲಾಲೋ ಹರಾಮೋ? ಅದಕ್ಕೆ ಮಿತಿಯೆಂಬುದು ಇದೆಯೇ? ಅದನ್ನು ದುಡಿದವನಿಗೆ ತಿಳಿಸಬೇಕೇ, ತಿಳಿಸದಿದ್ದರೂ ನಡೆದೀತೇ? ಈ ಪ್ರಶ್ನೆಗಳನ್ನು ಕೇಳುವವರು ನಮ್ಮಲ್ಲಿ ಕಡಿಮೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿರುವ ನಮಗೆ ಈ ಮೂರನೆಯವನನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರಿನ ಭತ್ತದ ಗದ್ದೆಗಳಿಗೆ ಒಣಭೂಮಿಯ ಹಳ್ಳಿಗಳಿಂದ ಹೆಣ್ಣಾಳುಗಳ ಗುಂಪುಗಳು ನಾಟಿಗೆ ಬಂದಿಳಿಯುತ್ತವೆ. ಎಕರೆಗೆ ಇಷ್ಟೆಂದು ಗದ್ದೆಯ ಮಾಲೀಕನೊಡನೆ ಮಾತು ಮುಗಿಸುವವನು ಮೇಸ್ತ್ರಿ. ದಿನಕ್ಕೆ ಇಷ್ಟೆಂದು ಆ ಹೆಣ್ಣುಮಕ್ಕಳಿಗೆ ಹೇಳುವವನೂ ಅವನೇ. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳವರು ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅವರನ್ನು ಕರೆದೊಯ್ಯುವವನೂ ಮೇಸ್ತ್ರಿಯೇ. ಊರಲ್ಲೇ ಉಳಿದು ಓದಿದ ಹುಡುಗರಿಗೆ ಆಸ್ಪತ್ರೆ, ಹಾಸ್ಟೆಲು, ಕಚೇರಿಗಳಲ್ಲಿ ಹೊರಗುತ್ತಿಗೆಯ ಕೆಲಸ ಸಿಗುತ್ತದೆ. ಅಲ್ಲಿ ಮೇಸ್ತ್ರಿಯ ಜಾಗದಲ್ಲಿ ಏಜೆನ್ಸಿ ಇರುತ್ತದೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ ನಮ್ಮ ಹುಡುಗನನ್ನು ಕನ್ಸಲ್ಟೆನ್ಸಿಯೊಂದು ದೊಡ್ಡ ಕಂಪೆನಿಗೆ ದಿನದ ದರದ ಮೇಲೆ ಕಳುಹಿಸುತ್ತದೆ. ಅವನ ಒಂದು ದಿನಕ್ಕೆ ಆ ಕಂಪೆನಿ ಎಷ್ಟು ತೆರುತ್ತದೆಂಬುದು ಅವನಿಗೆ ಗೊತ್ತಿರುವುದಿಲ್ಲ. ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚುವ ತಾಯಿಗೂ ಕಂಪ್ಯೂಟರಿನ ಮುಂದೆ ಕುಳಿತ ಮಗನಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ. ಇಬ್ಬರಿಗೂ ತಮ್ಮ ದುಡಿಮೆಯ ಬೆಲೆ ತಿಳಿದಿಲ್ಲ.

ದಲ್ಲಾಳಿತನ ನಿಷಿದ್ಧವೇ?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಡುವಿನವನಾಗಿ ನಿಂತು ಸಂಪಾದಿಸುವುದನ್ನು ಇಸ್ಲಾಮ್ ಸಾರಾಸಗಟಾಗಿ ನಿಷೇಧಿಸಿಲ್ಲ. ಮದೀನಾದ ಮಾರುಕಟ್ಟೆಯಲ್ಲಿಯೂ ದಲ್ಲಾಳಿಗಳಿದ್ದರು. ಪ್ರವಾದಿ(ಸ)ಯವರು ಅವರನ್ನು ದಲ್ಲಾಳಿಗಳೆಂದು ಕರೆಯದೆ ವರ್ತಕರೆಂಬ ಉತ್ತಮ ಹೆಸರಿನಿಂದ ಕರೆದುದನ್ನೂ, ವ್ಯಾಪಾರದಲ್ಲಿ ಪೊಳ್ಳು ಮಾತು ಮತ್ತು ಆಣೆಗಳು ಬೆರೆತುಬಿಡುವುದರಿಂದ ಅದರ ಜೊತೆ ದಾನವನ್ನೂ ಬೆರೆಸಿರೆಂದು ತಿಳಿಹೇಳಿದುದನ್ನೂ ಹಝ್ರತ್ ಕೈಸ್ ಬಿನ್ ಅಬೀ ಗರಝಾ(ರ) ವರದಿ ಮಾಡಿದ್ದಾರೆ. ಇಮಾಮ್ ಬುಖಾರಿಯವರು ಕೂಲಿಯ ಪ್ರಕರಣದಲ್ಲಿ ದಲ್ಲಾಳಿಯ ಪ್ರತಿಫಲಕ್ಕಾಗಿಯೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ಇಬ್ನು ಸೀರೀನ್, ಅತಾ, ಹಸನ್ ಮೊದಲಾದವರು ಅದರಲ್ಲಿ ದೋಷ ಕಾಣಲಿಲ್ಲವೆಂದು ಅಲ್ಲಿದೆ. ಒಬ್ಬನು ತನ್ನ ಬಟ್ಟೆಯನ್ನು ದಲ್ಲಾಳಿಯ ಕೈಗೆ ಕೊಟ್ಟು, ಇಷ್ಟಕ್ಕೆ ಮಾರು, ಅದಕ್ಕಿಂತ ಹೆಚ್ಚು ಬಂದರೆ ಅದು ನಿನ್ನದು ಎಂದರೆ ತಪ್ಪಿಲ್ಲವೆಂಬ ಹಝ್ರತ್ ಇಬ್ನು ಅಬ್ಬಾಸ್(ರ)ರ ಅಭಿಪ್ರಾಯವೂ ಅಲ್ಲಿಯೇ ಇದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೆಚ್ಚಾದದ್ದು ನಿನ್ನದು ಎಂದು ಹೇಳುತ್ತಿರುವವನು ಯಾರು? ಬಟ್ಟೆಯ ಒಡೆಯ. ದಲ್ಲಾಳಿ ತಾನಾಗಿ ತೆಗೆದುಕೊಂಡದ್ದಲ್ಲ. ಒಡೆಯ ತಿಳಿದು, ಒಪ್ಪಿ, ಬಾಯಿಬಿಟ್ಟು ಕೊಟ್ಟದ್ದು. ದುಡಿಮೆಯ ಒಡೆಯ ದುಡಿಯುವವನು. ಹೆಚ್ಚಾದದ್ದು ನಿನ್ನದು ಎಂದು ಅವನು ಎಂದಾದರೂ ಹೇಳಿದ್ದಾನೆಯೇ? ಹೆಚ್ಚಾದದ್ದು ಒಂದಿದೆಯೆಂಬುದಾದರೂ ಅವನಿಗೆ ಗೊತ್ತೇ?

ಅದೇ ಅಧ್ಯಾಯದಲ್ಲಿ ಎಚ್ಚರಿಕೆಯೂ ಇದೆ. ಸಂತೆಗೆ ಬರುತ್ತಿರುವ ವರ್ತಕರ ತಂಡವನ್ನು ದಾರಿಯಲ್ಲೇ ಎದುರುಗೊಂಡು ಸರಕು ಕೊಳ್ಳುವುದನ್ನು ಪ್ರವಾದಿ(ಸ)ಯವರು ತಡೆದರು. ಏಕೆ? ದಾರಿಯಲ್ಲಿರುವವನಿಗೆ ಸಂತೆಯ ದರ ತಿಳಿದಿಲ್ಲ. ಎದುರುಗೊಳ್ಳಲು ಹೋದವನಿಗೆ ತಿಳಿದಿದೆ. ಒಬ್ಬನ ಅಜ್ಞಾನ ಇನ್ನೊಬ್ಬನ ಬಂಡವಾಳವಾಗುತ್ತದೆ. ಹಾಗೆ ಮಾರಿದವನು ಸಂತೆಗೆ ಬಂದು ನಿಜವಾದ ದರ ಕಂಡಾಗ ವ್ಯಾಪಾರವನ್ನು ಮುರಿಯುವ ಹಕ್ಕು ಅವನಿಗಿದೆಯೆಂದು ಸಹೀಹ್ ಮುಸ್ಲಿಮ್‌ನ ವರದಿ ತಿಳಿಸುತ್ತದೆ. ಬೆಂಗಳೂರಿನ ಕೂಲಿಯ ದರ ತಿಳಿದ ಮೇಸ್ತ್ರಿ ಅದು ತಿಳಿಯದ ಹಳ್ಳಿಗೆ ಬಂದು, ಅಲ್ಲೇ ದರ ಮಾತಾಡಿ ಜನರನ್ನು ಬಸ್ಸು ಹತ್ತಿಸುವುದು ಈ ಎದುರುಗೊಳ್ಳುವಿಕೆಗಿಂತ ಎಷ್ಟು ದೂರದ್ದು? ಆ ಕಾಲದ ವರ್ತಕನಾದರೋ ಸಂತೆಗೆ ಬಂದು ವ್ಯಾಪಾರ ಮುರಿಯಬಹುದಿತ್ತು. ಮುಂಗಡ ಪಡೆದು ನಾಲ್ಕು ನೂರು ಕಿಲೋಮೀಟರ್ ದಾಟಿ ಹೋದ ಕೂಲಿಯವನು ಏನು ಮುರಿದಾನು?

ಮೇಸ್ತ್ರಿಯ ವಾದ

ಒಮ್ಮೆ ಮೇಸ್ತ್ರಿಯೊಬ್ಬರೊಡನೆ ಈ ವಿಷಯ ಮಾತಾಡುವ ಸಂದರ್ಭ ಬಂತು. ನಮಾಝ್ ತಪ್ಪಿಸದ, ಜಮಾಅತಿನ ಕೆಲಸಗಳಿಗೆ ಕೈಬಿಚ್ಚಿ ಕೊಡುವ ಮನುಷ್ಯ. ಅವರ ವಾದ ಹೀಗಿತ್ತು: “ಹಝ್ರತ್, ಆಳು ಕೂಡಿಸಾಕ ಊರೂರು ತಿರುಗವ ನಾನು. ಮುಂಗಡ ಕೊಟ್ಟವ ನಾನು. ಅದನ್ನ ತಗೊಂಡು ಬರದೇ ಇದ್ದವ್ರ ರೊಕ್ಕ ಮುಳುಗೋದು ನಂದು. ಮಾಲೀಕ ತಿಂಗಳುಗಟ್ಟಲೆ ಸತಾಯಿಸಿದ್ರ ಅವನ ಬಾಗಿಲಿಗೆ ಹೋಗಿ ನಿಲ್ಲವ ನಾನು. ಬಟ್ಟೆ ಅಂಗಡಿಯವ ಎಷ್ಟಕ್ಕ ತಂದೀನಿ ಅಂತ ಗಿರಾಕಿಗೆ ಹೇಳ್ತಾನೇನ್ರಿ? ನಾನಷ್ಟ ಯಾಕ ಹೇಳಬೇಕ್ರಿ?”

ಇದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ವ್ಯಾಪಾರಿ ತಾನು ಕೊಂಡ ದರವನ್ನು ಗಿರಾಕಿಗೆ ಹೇಳಲೇಬೇಕೆಂದು ಶರೀಅತ್ ಕಡ್ಡಾಯ ಮಾಡಿಲ್ಲ. ಸುಳ್ಳು ಹೇಳಬಾರದು, ದೋಷ ಮುಚ್ಚಬಾರದು, ಅಷ್ಟೆ. ಹಾಗಾದರೆ ಮೇಸ್ತ್ರಿಯ ಪಾಲೂ ವ್ಯಾಪಾರದ ಲಾಭವೆಂದೇ ಏಕೆ ತಿಳಿಯಬಾರದು?

ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ವ್ಯಾಪಾರಿಗೆ ಆ ಸ್ವಾತಂತ್ರ್ಯ ಏತಕ್ಕಾಗಿ ಸಿಕ್ಕಿತೆಂದು ನೋಡಬೇಕು. ಬಟ್ಟೆ ಕೊಂಡುತಂದ ಕ್ಷಣದಿಂದ ಅದರ ನಷ್ಟವೆಲ್ಲ ಅಂಗಡಿಯವನದು. ಇಲಿ ಕಡಿದರೆ, ಬೆಂಕಿ ಬಿದ್ದರೆ, ಗಿರಾಕಿ ಬಾರದಿದ್ದರೆ ಸಗಟು ವ್ಯಾಪಾರಿಗೆ ಕೊಟ್ಟ ಹಣ ಮರಳಿ ಬರುವುದಿಲ್ಲ. ನಷ್ಟದ ಹೊಣೆ ಹೊತ್ತವನಿಗೇ ಲಾಭದ ಹಕ್ಕು ಎಂಬುದು ಪ್ರವಾದಿ(ಸ)ಯವರ ಮಾತಿನಿಂದ ಹುಟ್ಟಿದ ಪ್ರಸಿದ್ಧ ನಿಯಮ. ಹನಫೀ ವಿದ್ವಾಂಸರು ಇದನ್ನು ಇನ್ನಷ್ಟು ಬಿಡಿಸಿ, ಲಾಭಕ್ಕೆ ಹಕ್ಕು ಹುಟ್ಟುವುದು ಮೂರರಿಂದ ಮಾತ್ರ ಎಂದರು: ಹಾಕಿದ ಹಣದಿಂದ, ಮಾಡಿದ ಕೆಲಸದಿಂದ, ಇಲ್ಲವೇ ಹೊತ್ತ ಹೊಣೆಯಿಂದ. ಒಬ್ಬ ದರ್ಜಿ ಎರಡು ದಿರ್ಹಮಿಗೆ ಒಪ್ಪಿಕೊಂಡ ಬಟ್ಟೆಯನ್ನು ಇನ್ನೊಬ್ಬನಿಂದ ಒಂದು ದಿರ್ಹಮಿಗೆ ಹೊಲಿಸಿದರೆ ಉಳಿದದ್ದು ಅವನಿಗೆ ಸಲ್ಲುತ್ತದೆಯೇ ಎಂದು ಪೂರ್ವಿಕರು ಚರ್ಚಿಸಿದ್ದಾರೆ. ಅವನು ಬಟ್ಟೆಯನ್ನು ಕತ್ತರಿಸಿಯಾದರೂ ಕೊಟ್ಟಿದ್ದರೆ ಸಲ್ಲುತ್ತದೆಂದು ಹಲವರು ಹೇಳಿದರು. ಏನಾದರೊಂದನ್ನು ಕೂಡಿಸದೆ ಬರಿಗೈಯಿಂದ ಪಾಲು ಪಡೆಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ.

ಮೂರು ಅಂಗಿಗಳು

ಈ ಅಳತೆಗೋಲಿನಿಂದ ನೋಡಿದರೆ ನಡುವಿನವನು ಮೂರು ಬಗೆಯವನು.

ಮೊದಲನೆಯವನು ಗುತ್ತಿಗೆದಾರ. ಇಪ್ಪತ್ತು ಎಕರೆ ನಾಟಿಯನ್ನು ಇಷ್ಟು ಮೊತ್ತಕ್ಕೆ ಮುಗಿಸಿಕೊಡುತ್ತೇನೆಂದು ಒಪ್ಪಿದವನು. ಮಳೆ ಬಂದು ಕೆಲಸ ನಿಂತರೂ, ಆಳು ಹೆಚ್ಚು ಬೇಕಾದರೂ, ಮಾಲೀಕ ಹಣ ಕೊಡದಿದ್ದರೂ ಆಳುಗಳಿಗೆ ಹೇಳಿದ ಕೂಲಿಯನ್ನು ಆ ದಿನವೇ ಕೊಡುವವನು. ಅವನಿಗೆ ಉಳಿದದ್ದು ಅವನ ಲಾಭ. ಅದನ್ನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಎರಡನೆಯವನು ದಲ್ಲಾಳಿ. ಕೆಲಸಕ್ಕೂ ಆಳಿಗೂ ಗಂಟು ಹಾಕಿ ದೂರ ಸರಿಯುವವನು. ಅವನಿಗೆ ಪ್ರತಿಫಲ ಸಲ್ಲಬೇಕು. ಅದು ಮೊದಲೇ ಮಾತಾಡಿ ಗೊತ್ತುಮಾಡಿದ್ದಾಗಿರಬೇಕು. ಒಂದು ದಿನದ ಓಡಾಟಕ್ಕೆ ಆರು ತಿಂಗಳ ಪ್ರತಿ ದಿನದ ಕೂಲಿಯಲ್ಲೂ ಕೈ ಹಾಕುವಂತಿಲ್ಲ.

ಮೂರನೆಯವನು ಗುಂಪಿನ ಮುಂದಾಳು. ಆಳುಗಳ ಪರವಾಗಿ ಮಾಲೀಕನೊಡನೆ ಮಾತಾಡುವವನು, ಫಿಕ್ಹ್‌ನ ಭಾಷೆಯಲ್ಲಿ ಅವರ ವಕೀಲ. ಅವನ ಕೈಗೆ ಬಂದ ಹಣ ಅವನದಲ್ಲ, ಅಮಾನತ್. ಪೈಸೆಪೈಸೆಯೂ ಗುಂಪಿನದು. ಅವನ ಪಾಲನ್ನು ಗುಂಪು ತಿಳಿದು ಕೊಡಬೇಕು.

ಈ ಮೂರೂ ನ್ಯಾಯವಾದ ಸಂಪಾದನೆಗಳೇ. ಅನ್ಯಾಯ ಎಲ್ಲಿ ಆರಂಭವಾಗುತ್ತದೆ? ಒಬ್ಬನೇ ಮನುಷ್ಯ ಮೂರು ಅಂಗಿಗಳನ್ನು ಇಟ್ಟುಕೊಂಡು ಹೊತ್ತು ನೋಡಿ ಬದಲಾಯಿಸುವುದರಲ್ಲಿ. ಆಳುಗಳನ್ನು ಕೂಡಿಸುವಾಗ ಅವನು ಮುಂದಾಳು: “ನಿಮ್ಮ ಸಲುವಾಗಿ ನಾನು ಮಾತಾಡ್ತೀನಿ.” ಪಾಲು ಮುರಿದುಕೊಳ್ಳುವಾಗ ಅವನು ವ್ಯಾಪಾರಿ: “ನನ್ನ ಲಾಭ ನಿಮಗ್ಯಾಕ?” ಮಾಲೀಕ ಹಣ ಕೊಡದೆ ಹೋದಾಗ ಅವನು ಬರೀ ದಲ್ಲಾಳಿ: “ಅವನು ಕೊಟ್ಟಿಲ್ಲ, ನಾನೇನು ಮಾಡಲಿ?” ಲಾಭದ ಹೊತ್ತಿಗೆ ವ್ಯಾಪಾರಿ, ನಷ್ಟದ ಹೊತ್ತಿಗೆ ಮಧ್ಯವರ್ತಿ. ಅಳೆದುಕೊಳ್ಳಲು ಒಂದು ಕೊಳಗ, ಅಳೆದುಕೊಡಲು ಇನ್ನೊಂದು ಕೊಳಗ ಇಟ್ಟುಕೊಂಡವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆ. ಅದನ್ನು ಓದುವಾಗ ನಮ್ಮ ಕಣ್ಣ ಮುಂದೆ ತಕ್ಕಡಿಯ ಅಂಗಡಿ ಮಾತ್ರ ಬಂದರೆ ಸಾಲದು. ಮೇಲಕ್ಕೆ ಒಂದು ದರ, ಕೆಳಕ್ಕೆ ಇನ್ನೊಂದು ದರ ಹೇಳುವ ನಾಲಗೆಯೂ ಒಂದು ತಕ್ಕಡಿಯೇ.

ಬಟ್ಟೆಯ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಬಟ್ಟೆಗೆ ಹಸಿವಿಲ್ಲ. ಅಂತ್ಯದಿನ ಅಲ್ಲಾಹನು ತಾನೇ ಎದುರಾಳಿಯಾಗಿ ನಿಲ್ಲುವ ಮೂವರ ವಿಷಯ ಬುಖಾರಿಯವರ ಗ್ರಂಥದಲ್ಲಿದೆ. ಅವರಲ್ಲೊಬ್ಬ ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆ ತಿಂದವನು. ಅವನ ಪಕ್ಕದಲ್ಲೇ ನಿಂತವನು ಪೂರ್ಣ ದುಡಿಸಿಕೊಂಡು ಕೂಲಿ ಕೊಡದವನು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಯೋಚನೆಗೆ ಹಚ್ಚುವ ಸಂಗತಿ. ದುಡಿಮೆಯ ಬೆಲೆಯನ್ನು ಕಸಿಯುವುದು ಮನುಷ್ಯನನ್ನು ಸರಕಾಗಿ ಕಾಣುವುದಕ್ಕೆ ಅಷ್ಟು ಹತ್ತಿರದ್ದು.

ಮುಂಗಡದ ಗಂಟು

ಮುಂಗಡ ಕೊಟ್ಟವನು ನಾನೆಂಬ ಮಾತನ್ನೂ ಪರಿಶೀಲಿಸೋಣ. ಹಣ ಹಾಕಿದವನಿಗೆ ಲಾಭದ ಹಕ್ಕಿದೆಯೆಂದೆವು. ಆದರೆ ಮುಂಗಡ ವ್ಯಾಪಾರಕ್ಕೆ ಹಾಕಿದ ಹಣವಲ್ಲ, ಸಾಲ. ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಮುಂಗಡ ಪಡೆದವನಿಗೆ ದಿನಕ್ಕೆ ಒಂದು ದರ, ಪಡೆಯದವನಿಗೆ ಹೆಚ್ಚಿನ ದರ ಎಂದಾದರೆ ಆ ವ್ಯತ್ಯಾಸಕ್ಕೆ ಏನೆನ್ನಬೇಕು? ಸಾಲ ಕೊಟ್ಟದ್ದಕ್ಕಾಗಿ ಪಡೆಯುವ ಪ್ರಯೋಜನವೆಲ್ಲ ಬಡ್ಡಿಯ ಜಾತಿಗೇ ಸೇರಿದ್ದೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಬ್ಯಾಂಕಿನ ಬಡ್ಡಿಯನ್ನು ಮುಟ್ಟದ ನಮ್ಮ ಮೇಸ್ತ್ರಿ ಕೂಲಿಯಲ್ಲಿ ಅಡಗಿದ ಬಡ್ಡಿಯನ್ನು ತಿಳಿಯದೆ ಉಣ್ಣುತ್ತಿರಬಹುದು. ಮುಂಗಡ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲವೆಂದು ಕಟ್ಟಿಹಾಕುವುದಂತೂ ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯು ಅಂತಹ ಸಾಲಗಳನ್ನೇ ರದ್ದುಗೊಳಿಸಿತು.

ಅತ್ತ ಕಡೆಯ ತಪ್ಪನ್ನೂ ಹೇಳಬೇಕು. ಮುಂಗಡ ಪಡೆದು ಫೋನು ಬಂದ್ ಮಾಡಿ ಬೇರೆ ಮೇಸ್ತ್ರಿಯ ಹಿಂದೆ ಹೋಗುವವನು ಮಾತು ಮುರಿದವನು. ಬಡತನ ಅದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗದು. ಮೇಸ್ತ್ರಿಯ ಓಡಾಟದಿಂದ ಕೆಲಸ ಹಿಡಿದು, ಒಪ್ಪಿದ ಅವಧಿ ಮುಗಿಯುವ ಮೊದಲೇ ಅವನನ್ನು ಬಿಟ್ಟು ಮಾಲೀಕನೊಡನೆ ಗುಟ್ಟಾಗಿ ಮಾತಾಡುವವನೂ ಹಾಗೆಯೇ. ದರ ಬಿಚ್ಚಿ ಹೇಳಿದರೆ ನನ್ನನ್ನೇ ದಾಟಿ ಹೋಗುತ್ತಾರೆಂಬ ಮೇಸ್ತ್ರಿಯ ಭಯಕ್ಕೆ ಇಂತಹವರೇ ಕಾರಣರು. ಒಪ್ಪಂದ ಇಬ್ಬರನ್ನೂ ಕಟ್ಟುತ್ತದೆ.

ಕಾನೂನು ನಿಲ್ಲುವ ಗೆರೆ

ಈ ವಿಷಯವನ್ನು ನಮ್ಮ ದೇಶದ ಕಾನೂನೂ ಕಂಡಿದೆ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ದೊಡ್ಡ ಕಾಮಗಾರಿಗಳು ನಡೆದಾಗ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ ಇತ್ತು. ಗುತ್ತಿಗೆದಾರರು ಅಷ್ಟನ್ನೂ ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ ದಿನಕ್ಕೊಂದು ರೂಪಾಯಿ ಕಮಿಷನ್ ಮುರಿದುಕೊಂಡು ಉಳಿದ 8 ರೂಪಾಯಿ 25 ಪೈಸೆಯನ್ನು ಕೂಲಿಗಳಿಗೆ ಕೊಡುತ್ತಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪು, ಜಮಾದಾರನ ಕಡಿತವಿಲ್ಲದೆ ಪೂರ್ಣ ಕನಿಷ್ಠ ಕೂಲಿ ನೇರವಾಗಿ ದುಡಿದವನ ಕೈಗೇ ಸೇರಬೇಕೆಂದಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮಾನವೆಂದೂ ಹೇಳಿತು. ಒಂದು ರೂಪಾಯಿಯನ್ನು ಚಿಕ್ಕದೆಂದು ನ್ಯಾಯಾಲಯ ಬಿಡಲಿಲ್ಲ.

ಅದಕ್ಕೂ ಮುಂಚಿನ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯು, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ವಿಧಿಸಿತ್ತು. ಮೇಸ್ತ್ರಿಗೆ ಕೊಟ್ಟೆ, ಇನ್ನು ನನಗೆ ಸಂಬಂಧವಿಲ್ಲವೆಂದು ಮಾಲೀಕ ಕೈತೊಳೆದುಕೊಳ್ಳುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಆ ಕಾಯಿದೆಯ ಸ್ಥಾನಕ್ಕೆ ಬಂದ ಮೇಲೂ ಈ ಹೊಣೆ ಉಳಿದಿದೆ. ಆದರೆ ಹಿಂದೆ ಇಪ್ಪತ್ತು ಆಳುಗಳಿದ್ದರೆ ಅನ್ವಯಿಸುತ್ತಿದ್ದ ನಿಯಮ ಈಗ ಐವತ್ತಕ್ಕೆ ಏರಿದೆ. ಒಂದು ಟಂಟಂನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳನ್ನು ಕರೆದೊಯ್ಯುವ ಮೇಸ್ತ್ರಿ ಅಂದೂ ಆ ಕಾನೂನಿನ ಲೆಕ್ಕಕ್ಕೆ ಸಿಗಲಿಲ್ಲ, ಇಂದೂ ಸಿಗುವುದಿಲ್ಲ. ಕೆಲಸ ಹುಡುಕುವವನಿಂದ ಏಜೆನ್ಸಿಗಳು ಶುಲ್ಕ ಪಡೆಯಬಾರದೆಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಕಾನೂನು ಗೆರೆ ಎಳೆದು ನಿಂತ ಜಾಗದಿಂದಾಚೆಗೆ ದಾರಿ ತೋರಿಸಬೇಕಾದುದು ದೇವಭಯ.

ಎಷ್ಟು ಪಾಲು ನ್ಯಾಯ?

ನೂರಕ್ಕೆ ಇಷ್ಟೆಂದು ಶರೀಅತ್ ನಿಗದಿಪಡಿಸಿಲ್ಲ. ಹಾಗೆಂದು ಅಳತೆಯೇ ಇಲ್ಲವೆಂದಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾಲೀಕ ತಲೆಗೆ ದಿನಕ್ಕೆ 700 ರೂಪಾಯಿ ಕೊಡುತ್ತಾನೆ, ಆಳಿಗೆ 500 ಮುಟ್ಟುತ್ತದೆ. ನಡುವಿನ 200ರಲ್ಲಿ ಗಾಡಿಯ ಬಾಡಿಗೆ, ಊಟ, ಇರಲು ಜಾಗ, ಮಾಲೀಕ ತಡಮಾಡಿದರೂ ಶನಿವಾರಕ್ಕೆ ಕೂಲಿ ಕೊಡುವ ಭರವಸೆ, ಗಾಯವಾದರೆ ಆಸ್ಪತ್ರೆಯ ಖರ್ಚು ಇವೆಲ್ಲ ಸೇರಿದ್ದರೆ ಅದು ಹೆಚ್ಚೇನಲ್ಲ. ಇವೆಲ್ಲವನ್ನೂ ಆಳೇ ಭರಿಸಿದ ಮೇಲೆ 50 ರೂಪಾಯಿ ಕಡಿದರೂ ಅದಕ್ಕೆ ಉತ್ತರ ಹೇಳುವುದು ಕಷ್ಟ. ಪಾಲಿನ ಗಾತ್ರವನ್ನು ಹೊತ್ತ ಹೊಣೆಯ ಗಾತ್ರದಿಂದ ಅಳೆಯಬೇಕು. ಏಜೆನ್ಸಿಗೂ ಕನ್ಸಲ್ಟೆನ್ಸಿಗೂ ಇದೇ ಮಾತು. ಟೆಂಡರ್ ಹಿಡಿಯಲು ಸೇವಾ ಶುಲ್ಕವನ್ನು ನಾಮಮಾತ್ರಕ್ಕೆ ಇಳಿಸಿದವನು ಧರ್ಮಕ್ಕೆ ದುಡಿಯಲು ಬಂದವನಲ್ಲ. ಮೇಲೆ ಬಿಟ್ಟದ್ದನ್ನು ಕೆಳಗೆ, ಸಂಬಳದಲ್ಲೋ ಭವಿಷ್ಯನಿಧಿಯಲ್ಲೋ ಹಿರಿಯುವ ಆಸೆಗೆ ಅಲ್ಲಿ ದಾರಿಯಾಗುತ್ತದೆ.

ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಎತ್ತಿಗಂತೂ ತಿಳಿಯುವುದೇ ಇಲ್ಲ. ದುಡಿಯುವ ಮನುಷ್ಯನನ್ನು ಎತ್ತಿನ ಜಾಗದಲ್ಲಿ ನಿಲ್ಲಿಸಬಾರದು. ಪ್ರವಾದಿ ಮೂಸಾ(ಅ)ರು ಮದ್‌ಯನ್‌ನಲ್ಲಿ ದುಡಿಮೆಗೆ ನಿಂತ ಪ್ರಸಂಗ ಅಲ್ ಕಸಸ್ ಅಧ್ಯಾಯದಲ್ಲಿದೆ. ಎಷ್ಟು ವರ್ಷ, ಹೆಚ್ಚುವರಿ ಎಷ್ಟು, ಅದು ಯಾರ ಇಚ್ಛೆಗೆ ಬಿಟ್ಟದ್ದು ಎಂಬುದೆಲ್ಲ ಕೆಲಸಕ್ಕೆ ಮೊದಲೇ ಮುಖಾಮುಖಿ ಮಾತಾಗಿ, ಅಲ್ಲಾಹನ ಸಾಕ್ಷ್ಯದೊಡನೆ ಮುಗಿಯುತ್ತದೆ. ಅಲ್ಲಿ ವಲ್ಲಿಯ ಮರೆ ಇರಲಿಲ್ಲ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕ ತನ್ನ ಮಾತನ್ನು ಹಾದುಹೋಗುವವರೆಲ್ಲ ಕಾಣುವಂತೆ ಕೊರೆಸಿದ. ಅಂತಹ ನೆಲದವರಾದ ನಾವು ಒಂದು ಕೂಲಿಯ ದರವನ್ನು ಬಾಯಿಬಿಟ್ಟು ಹೇಳಲು ಏಕೆ ಅಂಜಬೇಕು?

ಇದೇ ನೆಲದ ಇನ್ನೊಂದು ನೆನಪೂ ಇಲ್ಲಿ ಹೇಳತಕ್ಕದ್ದು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಮರಳಿ ಸುರಿದುಬರುವಂತೆ ಕಳುಹಿಸಿದ ಕಥೆ ನಮಗೆ ಪಠ್ಯದಲ್ಲೇ ಇತ್ತು. ಅಕ್ಕಿ ಕದ್ದದ್ದಾಗಿರಲಿಲ್ಲ. ನಮಗೆ ಸಲ್ಲಬೇಕಾದುದು ಇಷ್ಟೇ ಎಂಬ ಅರಿವು ಆ ಮನೆಯ ಅಡುಗೆಮನೆಯಲ್ಲಿತ್ತು. ನಮ್ಮ ಮನೆಗಳಲ್ಲಿಯೂ ಗಂಡ, ಮಗ ತಂದ ಹಣವನ್ನು ಎಣಿಸುವ ಹೆಣ್ಣುಮಕ್ಕಳು ಇದು ಎಷ್ಟು ಎನ್ನುವುದರ ಜೊತೆಗೆ ಇದು ಯಾರದು ಎಂದೂ ಕೇಳಿದರೆ ಬಹಳಷ್ಟು ಲೆಕ್ಕಗಳು ಮನೆಯಲ್ಲೇ ಸರಿಯಾದಾವು.

ಕೊನೆಯದಾಗಿ, ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಮೇಸ್ತ್ರಿಗಳು ನಮ್ಮಲ್ಲಿದ್ದಾರೆ, ಕೂಲಿಗಳೂ ನಮ್ಮಲ್ಲಿದ್ದಾರೆ. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಗುಳೆ ಹೊರಡುವ ಮುನ್ನ, ನಾಟಿಗೆ ಇಳಿಯುವ ಮುನ್ನ, ಮಾಲೀಕ ಕೊಡುವುದೆಷ್ಟು, ಮೇಸ್ತ್ರಿಯ ಪಾಲೆಷ್ಟು, ಅದಕ್ಕಾಗಿ ಅವನು ಹೊರುವ ಹೊಣೆಯೇನು, ಮುಂಗಡವೆಷ್ಟು ಎಂಬ ನಾಲ್ಕು ಸಾಲುಗಳನ್ನು ಒಂದು ಕಾಗದದಲ್ಲಿ ಬರೆದು ಇಬ್ಬರಿಂದಲೂ ಸಹಿ ಹಾಕಿಸಿರಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಮೇಸ್ತ್ರಿ ಸಹೋದರರೇ, ನೀವು ಮಸೀದಿಗೆ ಕೊಡುವ ಫ್ಯಾನಿಗಿಂತ, ಇಫ್ತಾರಿನ ಹಣ್ಣಿಗಿಂತ ಈ ಕಾಗದವೇ ನಿಮ್ಮ ಪಾಲಿಗೆ ಹೆಚ್ಚು ಭದ್ರವಾದ ಬಂಡವಾಳ. ಹಕ್ಕುದಾರನಿಗೆ ಸೇರಬೇಕಾದುದನ್ನು ದಾನವಾಗಿ ಕೊಟ್ಟು ಪುಣ್ಯ ಪಡೆಯಲಾಗದು. ಪರಲೋಕದ ಲೆಕ್ಕದಲ್ಲಿ ಆ ಕೂಲಿಯವನು ನಿಮ್ಮೆದುರು ನಿಂತಾಗ ಅವನಿಗೆ ಕೊಡಲು ನಿಮ್ಮ ಬಳಿ ಹಣವಿರುವುದಿಲ್ಲ, ನಮಾಝ್ ಉಪವಾಸಗಳ ಪುಣ್ಯ ಮಾತ್ರ ಇರುತ್ತದೆ. ಅದನ್ನೇ ಕೊಡಬೇಕಾದೀತು.

ಅಲ್ಲಾಹನು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ, ದುಡಿದವರ ಹಕ್ಕು ಅವರ ಕೈ ಸೇರುವಂತೆ ನಮ್ಮ ಕೈಗಳನ್ನು ನೇರಗೊಳಿಸಲಿ. ಆಮೀನ್.